ಎತ್ತರದವರ ಕೈಯಿಂದ ಹೊರಡುವ ಪಾಸ್

ಬ್ಯಾಸ್ಕೆಟ್‌ಬಾಲ್ ಆಟಗಾರ ವಿಲ್ಟ್ ಚೇಂಬರ್ಲೇನ್ ಅಂದ ಕೂಡಲೇ ಎಲ್ಲರೂ ಅವನೊಬ್ಬನೇ 100 ಪಾಯಿಂಟ್ ಹಾಕಿದ ಪಂದ್ಯದ ಮಾತು ತೆಗೆಯುತ್ತಾರೆ. 1962ರ ಮಾರ್ಚ್ 2, ಪೆನ್ಸಿಲ್ವೇನಿಯಾದ ಹರ್ಷಿ. ನನ್ನ ತಲೆಯಲ್ಲಿ ಅದಕ್ಕಿಂತ ಜಾಸ್ತಿ ಓಡಾಡುವುದು 702. 1967-68ರ ಸೀಸನ್ನಿನಲ್ಲಿ ಅವನು ಕೊಟ್ಟ ಅಸಿಸ್ಟ್‌ಗಳ ಸಂಖ್ಯೆ ಅದು. ಅಸಿಸ್ಟ್ ಅಂದರೆ ಜೊತೆಯವನು ಬುಟ್ಟಿಗೆ ಹಾಕುವಂತೆ ಕೊಟ್ಟ ಪಾಸ್. ಆ ವರ್ಷ ಒಟ್ಟು ಅಸಿಸ್ಟ್ ಲೆಕ್ಕದಲ್ಲಿ ಅಮೆರಿಕದ ವೃತ್ತಿಪರ ಲೀಗ್ ಆದ ಇಡೀ ಎನ್‌ಬಿಎಗೆ ಅವನೇ ಮೊದಲು. ಲೆನ್ನಿ ವಿಲ್ಕೆನ್ಸ್ 679ಕ್ಕೆ ನಿಂತ. ಆಸ್ಕರ್ ರಾಬರ್ಟ್‌ಸನ್‌ಗೆ ಪಂದ್ಯಕ್ಕೆ ಸರಾಸರಿ 9.7 ಇತ್ತು, ಚೇಂಬರ್ಲೇನ್‌ಗೆ 8.6. ಆದರೆ ರಾಬರ್ಟ್‌ಸನ್ ಆ ವರ್ಷ ಆಡಿದ್ದು 65 ಪಂದ್ಯ ಮಾತ್ರ. ಏನೇ ಇರಲಿ, ಏಳಡಿ ಒಂದಿಂಚಿನ ಸೆಂಟರ್ (ಬೋರ್ಡ್ ಹತ್ತಿರ ಆಡುವ ಎತ್ತರದವನು) ಒಬ್ಬ, ಬಾಲ್ ತಂದು ಆಟ ಕಟ್ಟುವ ಗಾರ್ಡ್‌ಗಳ ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲೆ ಹೋಗಿ ಕೂತ.

ನಾನು ಸೋಮವಾರಪೇಟೆಯಲ್ಲಿ ಸಂಜೆ ಹೊತ್ತು ಸ್ಕೂಲ್ ಹುಡುಗಿಯರಿಗೆ ಬ್ಯಾಸ್ಕೆಟ್‌ಬಾಲ್ ಹೇಳಿಕೊಡುತ್ತೇನೆ. ಬೆಳಿಗ್ಗೆ ಕಾಫಿ ತೋಟ, ಸಂಜೆ ಕೋರ್ಟ್. ನಮ್ಮ ತಂಡದ ಉದ್ದದ ಹುಡುಗಿ, ಒಂಬತ್ತನೇ ಕ್ಲಾಸು, ಈ 702ರ ಕಥೆ ಕೇಳಿ "ಅಕ್ಕ, ಹಾಗಾದ್ರೆ ಯೋಕಿಚ್‌ಗಿಂತ ಇವನೇ ಚೆನ್ನಾಗಿ ಪಾಸ್ ಕೊಡ್ತಿದ್ದ ಅಂತಾಯ್ತು ಅಲ್ವಾ?" ಅಂದಳು. ಯೋಕಿಚ್ ಅಂದರೆ ಇವತ್ತಿನ ಕಾಲದ ಡೆನ್ವರ್ ತಂಡದ ಸೆಂಟರ್. ಒಳ್ಳೆ ಪ್ರಶ್ನೆ. ಎರಡು ಮಾತಲ್ಲಿ ಮುಗಿಸುವಂಥದ್ದಲ್ಲ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಎತ್ತರದ ಆಟಗಾರರ ಪಾಸ್ ಬಗ್ಗೆ ಮಾತಾಡುವಾಗ ಅಸಿಸ್ಟ್ ಎಷ್ಟು ಅಂತ ಆಮೇಲೆ ನೋಡೋಣ. ಬಾಲ್ ಅವನ ಕೈಗೆ ಎಲ್ಲಿ ಸಿಗುತ್ತಿತ್ತು? ಬೋರ್ಡ್ ಕೆಳಗಾ, ಪೋಸ್ಟಿನಲ್ಲಾ (ಬೋರ್ಡ್ ಬಳಿ, ಅದಕ್ಕೆ ಬೆನ್ನು ಕೊಟ್ಟು ನಿಲ್ಲುವ ಜಾಗ), ಫ್ರೀ ಥ್ರೋ ಗೆರೆ ಹತ್ತಿರವಾ? ಸಿಕ್ಕಾಗ ಉಳಿದ ನಾಲ್ಕು ಜನ ಏನು ಮಾಡುತ್ತಿದ್ದರು? ಓಡುತ್ತಿದ್ದರಾ, ನಿಂತು ನೋಡುತ್ತಿದ್ದರಾ? ಇಷ್ಟು ತಿಳಿದರೆ ಆ ಕಾಲದ ಆಟವೇ ತಿಳಿಯುತ್ತದೆ.

ಚೇಂಬರ್ಲೇನ್‌ನಿಂದಲೇ ಶುರು ಮಾಡೋಣ. 702 ಬಂದದ್ದು 1968ರಲ್ಲಿ. ಆದರೆ ಅವನ ಪಾಸಿನ ನಿಜವಾದ ವರ್ಷ ಅದರ ಹಿಂದಿನದು ಅನ್ನುತ್ತೇನೆ ನಾನು. 1966-67ರಲ್ಲಿ ಫಿಲಡೆಲ್ಫಿಯಾಕ್ಕೆ ಅಲೆಕ್ಸ್ ಹ್ಯಾನಮ್ ಕೋಚ್ ಆಗಿ ಬಂದರು. ನೀನೇ ಎಲ್ಲಾ ಹಾಕಬೇಡ, ಸುತ್ತ ಇರುವವರಿಗೂ ಕೊಡು ಅನ್ನುವುದು ಅವರ ಲೆಕ್ಕ. ಒಂದು ಕಾಲಕ್ಕೆ ಪಂದ್ಯಕ್ಕೆ 50.4 ಪಾಯಿಂಟ್ ಹಾಕಿದ್ದ ಮನುಷ್ಯ 24.1ಕ್ಕೆ ಇಳಿದ. ಅಸಿಸ್ಟ್ 7.8ಕ್ಕೆ ಏರಿತು. ಅವನು ಪೋಸ್ಟಿನಲ್ಲಿ ಬಾಲ್ ಹಿಡಿದು ನಿಂತರೆ ಹಾಲ್ ಗ್ರೀರ್, ಚೆಟ್ ವಾಕರ್, ಬಿಲ್ಲಿ ಕನಿಂಗ್‌ಹ್ಯಾಮ್ ಅವನ ಸುತ್ತ ಓಡುತ್ತಿದ್ದರು. 68 ಗೆಲುವು, 13 ಸೋಲು, ಕೊನೆಗೆ ಚಾಂಪಿಯನ್.

ಮುಂದಿನ ವರ್ಷ ಅವನಿಗೆ ಅಸಿಸ್ಟ್‌ನಲ್ಲಿ ಮೊದಲಿಗನಾಗಬೇಕು ಅನ್ನುವ ಹಟ ಹಿಡಿಯಿತು. ಅದನ್ನು ಅವನು ಮುಚ್ಚಿಟ್ಟಿರಲೂ ಇಲ್ಲ. ಪಂದ್ಯಕ್ಕೆ ಸರಾಸರಿ 46.8 ನಿಮಿಷ ಆಡಿದ, ಅಂದರೆ ಹೆಚ್ಚುಕಮ್ಮಿ ಕೂರಲೇ ಇಲ್ಲ. ಸಂಖ್ಯೆ ಬಂತು. ಪ್ಲೇಆಫ್‌ನಲ್ಲಿ ಬಾಸ್ಟನ್ ಮೇಲೆ 3-1 ಮುಂದಿದ್ದವರು ಸತತ ಮೂರು ಪಂದ್ಯ ಸೋತರು. ಏಳನೇ ಪಂದ್ಯದ ದ್ವಿತೀಯಾರ್ಧದಲ್ಲಿ ಚೇಂಬರ್ಲೇನ್ ಎರಡೇ ಶಾಟ್ ತೆಗೆದುಕೊಂಡ. 100-96ಕ್ಕೆ ಮನೆಗೆ. ಪಾಸ್ ಕೊಡುವವನು ಹಾಕಲೂ ಬಲ್ಲ ಅನ್ನುವ ಭಯ ಎದುರಾಳಿಗೆ ಇರಬೇಕು. ಆ ಭಯ ಹೋದರೆ ಅವನನ್ನು ಕಾಯುವವನು ಒಂದು ಹೆಜ್ಜೆ ಹಿಂದೆ ಸರಿದು ಪಾಸ್ ಹೋಗುವ ದಾರಿಯಲ್ಲೇ ನಿಲ್ಲುತ್ತಾನೆ. ಹಾಗಾಗಿ ನನಗೆ 7.8ರ ವರ್ಷ 8.6ರ ವರ್ಷಕ್ಕಿಂತ ದೊಡ್ಡದು.

ಇನ್ನು ವೆಸ್ ಅನ್‌ಸೆಲ್ಡ್. ಇವನ ಹೆಸರು ಈಗಿನ ಮಕ್ಕಳಿಗೆ ಗೊತ್ತೇ ಇಲ್ಲ, ಅದು ನನಗೆ ಬೇಜಾರು. ಎತ್ತರ ಆರಡಿ ಏಳಿಂಚು. ಸೆಂಟರ್‌ಗಳ ನಡುವೆ ಗಿಡ್ಡ, ಮೈಕಟ್ಟು ಮಾತ್ರ ಭಾರಿ. 1968-69ರಲ್ಲಿ ಬಾಲ್ಟಿಮೋರ್ ಬುಲೆಟ್ಸ್‌ಗೆ ಬಂದ ಮೊದಲ ವರ್ಷವೇ ಪಂದ್ಯಕ್ಕೆ 18.2 ರಿಬೌಂಡ್ (ಬುಟ್ಟಿಗೆ ಬೀಳದೆ ಪುಟಿದ ಬಾಲ್ ಹಿಡಿಯುವುದು). ಹೊಸಬರ ಪ್ರಶಸ್ತಿ, ಎಂವಿಪಿ (ವರ್ಷದ ಅತ್ಯುತ್ತಮ ಆಟಗಾರನ ಪ್ರಶಸ್ತಿ), ಎರಡೂ ಒಂದೇ ವರ್ಷ. ಚೇಂಬರ್ಲೇನ್ ಬಿಟ್ಟರೆ ಹಾಗೆ ಗೆದ್ದವನು ಇವನೊಬ್ಬನೇ. 1978ರಲ್ಲಿ ತಂಡ ಚಾಂಪಿಯನ್ ಆದಾಗ ಫೈನಲ್ಸ್ ಎಂವಿಪಿಯೂ ಇವನೇ. ಆದರೆ ಇಡೀ ವೃತ್ತಿಯ ಅಸಿಸ್ಟ್ ಸರಾಸರಿ ನೋಡಿ: 3.9. ಇಷ್ಟಕ್ಕೆ ಯಾಕೆ ಇವನನ್ನು ಹೊಗಳುತ್ತೀಯಾ ಅಂತ ಯಾರಾದರೂ ಕೇಳಬಹುದು.

ಹಳೇ ವೀಡಿಯೋ ನಿಲ್ಲಿಸಿ ನಿಲ್ಲಿಸಿ ನೋಡಿದರೆ ಗೊತ್ತಾಗುತ್ತದೆ. ಸಾಮಾನ್ಯ ಆಟಗಾರ ರಿಬೌಂಡ್ ಹಿಡಿಯುತ್ತಾನೆ, ಕೆಳಗಿಳಿಯುತ್ತಾನೆ, ಬಾಲನ್ನು ಎದೆಗೆ ತರುತ್ತಾನೆ, ಆಮೇಲೆ ತಿರುಗಿ ಯಾರಿದ್ದಾರೆ ಅಂತ ನೋಡುತ್ತಾನೆ. ಅಷ್ಟರಲ್ಲಿ ಎದುರಾಳಿಗಳು ಹಿಂದೆ ಓಡಿ ಸೇರಿಕೊಂಡಿರುತ್ತಾರೆ. ಅನ್‌ಸೆಲ್ಡ್ ಗಾಳಿಯಲ್ಲಿರುವಾಗಲೇ ತಿರುಗಿರುತ್ತಿದ್ದ. ಕಾಲು ನೆಲ ಮುಟ್ಟುವಷ್ಟರಲ್ಲಿ ಭುಜ ಸೈಡ್‌ಲೈನ್ ಕಡೆ, ಬಾಲ್ ಎರಡೂ ಕೈಯಲ್ಲಿ ತಲೆ ಮೇಲೆ. ಕೆಳಗೆ ತರುವ ಮಾತೇ ಇಲ್ಲ. ಮಣಿಕಟ್ಟು ಒಂದು ಸಲ ಕೊಡವಿದರೆ ಬಾಲ್ ಅರ್ಧ ಕೋರ್ಟ್ ದಾಟಿ ಹೋಗುತ್ತಿತ್ತು. ಮುಂದೆ ಓಡುವವನು ಅದನ್ನು ಹಿಡಿದು ಇನ್ನೊಬ್ಬನಿಗೆ ಕೊಡುತ್ತಾನೆ, ಅವನು ಹಾಕುತ್ತಾನೆ. ಅಸಿಸ್ಟ್ ನಡುವಿನವನ ಹೆಸರಿಗೆ. ಆ ಬುಟ್ಟಿಯ ಅರ್ಧ ಕೆಲಸ ಮಾಡಿದ ಅನ್‌ಸೆಲ್ಡ್ ಹೆಸರಿನ ಮುಂದೆ ಬರೀ ಒಂದು ರಿಬೌಂಡ್. ಬಿಲ್ ರಸೆಲ್ ಕಥೆಯೂ ಹೀಗೇ. ಬಾಸ್ಟನ್‌ನ ಓಟ ಶುರುವಾಗುತ್ತಿದ್ದದ್ದೇ ಅವನ ಕೈಯಿಂದ.

ಒಂದು ವಿಷಯ ಕೇಳಿದರೆ ನಿಮಗೂ ಖುಷಿಯಾಗಬಹುದು. ಕೆವಿನ್ ಲವ್‌ನ ಪೂರ್ತಿ ಹೆಸರು ಕೆವಿನ್ ವೆಸ್ಲಿ ಲವ್. ಅವನ ಅಪ್ಪ ಸ್ಟ್ಯಾನ್ ಲವ್ ಬಾಲ್ಟಿಮೋರ್‌ನಲ್ಲಿ ಅನ್‌ಸೆಲ್ಡ್ ಜೊತೆ ಆಡಿದವನು, ಮಗನಿಗೆ ಆ ಹೆಸರಿಟ್ಟ. ಕ್ಲೀವ್‌ಲ್ಯಾಂಡ್‌ನಲ್ಲಿ ಕೆವಿನ್ ಲವ್ ರಿಬೌಂಡ್ ಹಿಡಿದು ಆ ತುದಿಯಲ್ಲಿ ಓಡುತ್ತಿದ್ದ ಲೆಬ್ರಾನ್‌ಗೆ ಎರಡೂ ಕೈಯಲ್ಲಿ ಎಸೆಯುತ್ತಿದ್ದನಲ್ಲ, ಅದು ಆ ಹೆಸರಿನ ಜೊತೆಗೇ ಬಂದ ಪಾಸ್.

ರಿಬೌಂಡ್ ಹಿಡಿದ ಕೂಡಲೇ ದೂರ ಎಸೆಯುವ ಈ ಔಟ್‌ಲೆಟ್ ಪಾಸನ್ನು ನಾವು ಮಳೆಗಾಲದಲ್ಲಿ ಕಲಿಯುತ್ತೇವೆ. ಸೋಮವಾರಪೇಟೆ ಕಡೆ ಜೂನ್ ಹಿಡಿದರೆ ಕೋರ್ಟ್ ಮರೆತುಬಿಡಬೇಕು. ಸಿಮೆಂಟಿನ ಮೇಲೆ ಪಾಚಿ ಕಟ್ಟಿ ಕಾಲಿಟ್ಟರೆ ಜಾರುತ್ತದೆ. ದಸರಾ ಹತ್ತಿರ ಬಂದಾಗ ಬ್ಲೀಚಿಂಗ್ ಪೌಡರ್ ಹಾಕಿ ಎಲ್ಲರೂ ಸೇರಿ ಉಜ್ಜಬೇಕು. ಅಲ್ಲಿಯವರೆಗೆ ಸ್ಕೂಲಿನ ಉದ್ದ ಜಗುಲಿಯೇ ನಮ್ಮ ಕೋರ್ಟ್. ಅಲ್ಲಿ ರಿಂಗ್ ಇಲ್ಲ, ಹಾಗಾಗಿ ಶಾಟ್ ಇಲ್ಲ, ಇರುವುದೆಲ್ಲ ಪಾಸೇ. ಉದ್ದದ ಹುಡುಗಿ ಗೋಡೆಗೆ ಮುಖ ಮಾಡಿ ನಿಲ್ಲುತ್ತಾಳೆ. ನಾನು ಗೋಡೆಗೆ ಎತ್ತರಕ್ಕೆ ಬಾಲ್ ಹೊಡೆಯುತ್ತೇನೆ. ಅವಳು ಹಾರಿ ಹಿಡಿದು, ತಿರುಗಿ, ಜಗುಲಿಯ ಆ ತುದಿಯಲ್ಲಿ ಓಡುತ್ತಿರುವವಳ ಕೈಗೆ ಮುಟ್ಟಿಸಬೇಕು. ಶೀಟಿನ ಮೇಲೆ ಜಡಿಮಳೆ ಬೀಳುವಾಗ ಕೂಗಿದ್ದು ಯಾರಿಗೂ ಕೇಳಿಸಲ್ಲ. "ಇಲ್ಲಿ, ಇಲ್ಲಿ" ಅನ್ನುವ ಹಾಗಿಲ್ಲ. ಹಿಡಿಯುವ ಮೊದಲೇ ಒಂದು ಸಲ ಹಿಂದೆ ನೋಡಿಕೊಂಡಿರಬೇಕು. ನಾನು ಯೂನಿವರ್ಸಿಟಿಗೆ ಸೆಂಟರ್ ಆಡುವಾಗ ನನಗೆ ಹೇಳಿಕೊಟ್ಟದ್ದು ಒಂದೇ: ಬಾಲ್ ಸಿಕ್ಕಿದರೆ ತಿರುಗು, ಹಾಕು, ಇಲ್ಲದಿದ್ದರೆ ಗಾರ್ಡ್‌ಗೆ ವಾಪಸ್ ಕೊಡು. ಉದ್ದ ಇರುವವರಿಗೆ ಕೋರ್ಟ್ ಕಾಣುತ್ತದೆ, ಅವರ ಕೈಗೂ ಆಟ ಕೊಡಬಹುದು ಅಂತ ಆಗ ಯಾರೂ ಯೋಚಿಸಲಿಲ್ಲ. ನನ್ನ ಹುಡುಗಿಯರಿಗೆ ಹಾಗಾಗಬಾರದು ಅಂತ ನನಗೆ ತುಂಬಾ ಇದೆ.

ಬಿಲ್ ವಾಲ್ಟನ್ ಹತ್ತಿರ ಎರಡೂ ಇತ್ತು. ರಿಬೌಂಡ್ ಹಿಡಿದು ಎಸೆಯುವುದು ಅನ್‌ಸೆಲ್ಡ್‌ನಷ್ಟೇ ಚುರುಕು. ಓಟ ಇಲ್ಲದಾಗ ಪೋಸ್ಟಿಗೆ ಬಂದು, ಬಾಲನ್ನು ತಲೆ ಮೇಲೆ ಎತ್ತಿ ಹಿಡಿದು ಕಾಯುವುದೂ ಬರುತ್ತಿತ್ತು. 1976-77ರ ಪೋರ್ಟ್‌ಲ್ಯಾಂಡ್ ತಂಡಕ್ಕೆ ಜ್ಯಾಕ್ ರ‍್ಯಾಮ್ಸಿ ಕೋಚ್. ಆ ತಂಡದಲ್ಲಿ ಸುಮ್ನೆ ನಿಂತವರೇ ಇಲ್ಲ. ವಾಲ್ಟನ್ ಕೈಗೆ ಬಾಲ್ ಹೋದ ಕ್ಷಣ ಎಲ್ಲರೂ ಓಡಲು ಶುರು ಮಾಡುತ್ತಿದ್ದರು, ಯಾಕೆಂದರೆ ಓಡಿದರೆ ಬಾಲ್ ಸಿಕ್ಕೇ ಸಿಗುತ್ತದೆ ಅಂತ ಅವರಿಗೆ ಗೊತ್ತು. ನನಗೆ ಒಳ್ಳೆ ಪಾಸರ್ ಅಂದರೆ ಇದೇ. ಅವನಿರುವಾಗ ಜೊತೆಯವರು ಇನ್ನೊಂದು ಹೆಜ್ಜೆ ಜಾಸ್ತಿ ಓಡುತ್ತಾರೆ.

ಆ ವರ್ಷ ಅವನ ಅಸಿಸ್ಟ್ 3.8. ಮತ್ತೆ ಅದೇ ಸಣ್ಣ ಸಂಖ್ಯೆ! ಫೈನಲ್ಸ್‌ನಲ್ಲಿ ಫಿಲಡೆಲ್ಫಿಯಾ ಮೇಲೆ ಮೊದಲ ಎರಡು ಪಂದ್ಯ ಸೋತು, ಆಮೇಲೆ ನಾಲ್ಕೂ ಗೆದ್ದರು. ಮುಂದಿನ ಸೀಸನ್ನಿನಲ್ಲಿ 50 ಗೆದ್ದು 10 ಸೋತಿದ್ದಾಗ ವಾಲ್ಟನ್‌ನ ಪಾದ ಕೈಕೊಟ್ಟಿತು. 58 ಪಂದ್ಯ ಮಾತ್ರ ಆಡಿದರೂ ಎಂವಿಪಿ ಅವನಿಗೇ ಕೊಟ್ಟರು. ಪಾದದ ನೋವು ಅವನನ್ನು ಮತ್ತೆ ಬಿಡಲಿಲ್ಲ. 1986ರಲ್ಲಿ ಬಾಸ್ಟನ್‌ನಲ್ಲಿ ಬೆಂಚಿನಿಂದ ಬಂದು ಲ್ಯಾರಿ ಬರ್ಡ್ ಜೊತೆ ಆಡಿದ ಒಂದು ವರ್ಷ ಇದೆಯಲ್ಲ, ಅದು ಸಿಕ್ಕಿದ್ದು ನಮ್ಮ ಅದೃಷ್ಟ. 2024ರ ಮೇ ತಿಂಗಳಲ್ಲಿ ತೀರಿಹೋದ. ಅವತ್ತು ನನಗೆ ನಮ್ಮ ಕಡೆಯವರೇ ಯಾರೋ ಹೋದಷ್ಟು ಸಂಕಟ ಆಯಿತು.

ಎಂಬತ್ತು, ತೊಂಬತ್ತರ ದಶಕ ಬೇಗ ದಾಟುತ್ತೇನೆ. ಕರೀಮ್ ಅಬ್ದುಲ್-ಜಬ್ಬಾರ್, ಹಕೀಮ್ ಒಲಾಜುವಾನ್, ಈ ಸೆಂಟರ್‌ಗಳೆಲ್ಲ ಪಾಸ್ ಬಲ್ಲವರೇ. ಆದರೆ ಆಗಿನ ಆಟದಲ್ಲಿ ಸೆಂಟರ್ ಪೋಸ್ಟಿನಲ್ಲಿ ಬೆನ್ನು ಕೊಟ್ಟು ನಿಲ್ಲುತ್ತಾನೆ, ಇನ್ನೊಬ್ಬ ಅವನ ಮೇಲೆ ಬೀಳುತ್ತಾನೆ, ಆಗ ಹೊರಗೆ ನಿಂತ ಶೂಟರ್‌ಗೆ ಪಾಸ್. ಜೋನ್ ಡಿಫೆನ್ಸ್‌ಗೆ (ಆಟಗಾರನನ್ನು ಬಿಟ್ಟು ಜಾಗ ಕಾಯುವುದಕ್ಕೆ) 2001ರವರೆಗೆ ಅವಕಾಶ ಇರಲಿಲ್ಲವಾದ್ದರಿಂದ ಹಾಗೆ ಇಬ್ಬರು ಸೇರಿ ಒಬ್ಬನನ್ನು ಕಾಯುವ ಡಬಲ್ ಟೀಮ್ ಎಲ್ಲಿಂದ ಬರುತ್ತದೆ ಅಂತ ಕಾಣುತ್ತಿತ್ತು. ಹಕೀಮ್ ಇದನ್ನೇ ಬಳಸಿ ಹ್ಯೂಸ್ಟನ್‌ಗೆ 1994, 1995 ಎರಡು ವರ್ಷ ಗೆದ್ದುಕೊಟ್ಟ. ದೊಡ್ಡ ಆಟಗಾರ, ಅನುಮಾನವೇ ಇಲ್ಲ. ಆದರೆ ಅದು ಒತ್ತಡಕ್ಕೆ ಕೊಟ್ಟ ಉತ್ತರ. ನಾನು ಹುಡುಕುತ್ತಿರುವುದು ಪಾಸನ್ನೇ ಮೊದಲ ಯೋಚನೆಯಾಗಿ ಇಟ್ಟುಕೊಂಡವರನ್ನು.

ಅಂಥವರು ಆಗ ಯೂರೋಪಿನಲ್ಲಿದ್ದರು. ನಮ್ಮ ಜಿಲ್ಲೆಯವರಿಗೆ 1988ರ ಸೋಲ್ ಒಲಿಂಪಿಕ್ಸ್ ಅಂದರೆ ಎಂ.ಎಂ. ಸೋಮಯ್ಯ ಅವರು ಭಾರತದ ಹಾಕಿ ತಂಡಕ್ಕೆ ಕ್ಯಾಪ್ಟನ್ ಆಗಿದ್ದ ಒಲಿಂಪಿಕ್ಸ್. ಅದೇ ಊರಲ್ಲಿ ಅದೇ ದಿನಗಳಲ್ಲಿ ಬ್ಯಾಸ್ಕೆಟ್‌ಬಾಲ್‌ನಲ್ಲಿ ಅರ್ವಿಡಾಸ್ ಸಬೋನಿಸ್ ಇದ್ದ ಸೋವಿಯತ್ ತಂಡ ಅಮೆರಿಕವನ್ನು 82-76ಕ್ಕೆ ಸೋಲಿಸಿತು. ಫೈನಲ್‌ನಲ್ಲಿ ಎದುರಿಗೆ ಬಂದದ್ದು ಯುಗೊಸ್ಲಾವಿಯಾ, ಅದರಲ್ಲಿ ವ್ಲಾಡೆ ಡಿವಾಟ್ಸ್. ಪಾಸ್ ಕೊಡುವ ಸೆಂಟರ್‌ಗಳು ಇಬ್ಬರು, ಒಂದೇ ಪಂದ್ಯದಲ್ಲಿ, ಎದುರು ಬದುರು. ಚಿನ್ನ ಸೋವಿಯತ್‌ಗೆ.

ಸಬೋನಿಸ್ ಏಳಡಿ ಮೂರಿಂಚು. ಪೋರ್ಟ್‌ಲ್ಯಾಂಡ್ ಅವನನ್ನು 1986ರಲ್ಲೇ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸಬರನ್ನು ಆರಿಸುವುದು) ಆರಿಸಿತ್ತು. ಅವನು ಅಲ್ಲಿಗೆ ಬಂದದ್ದು 1995ರಲ್ಲಿ. ಅಷ್ಟರಲ್ಲಿ ಹಿಮ್ಮಡಿಯ ಸ್ನಾಯುರಜ್ಜು ಹರಿದು, ಕಾಲುಗಳೇ ಸೋತಿದ್ದವು. ಓಡಲು ಆಗುತ್ತಿರಲಿಲ್ಲ. ಆದರೂ ನೋಡದೆ ಹಿಂದಕ್ಕೆ ಕೊಡುವ ಪಾಸ್, ಒಂದೇ ಕೈಯಲ್ಲಿ ಸೊಂಟದ ಪಕ್ಕದಿಂದ ಜಾರಿಸುವ ಪಾಸ್, ಎಲ್ಲಾ ಇತ್ತು. ಎನ್‌ಬಿಎ ಅಸಿಸ್ಟ್ ಸರಾಸರಿ 2.1 ಅಂತ ದಾಖಲೆ ಹೇಳುತ್ತದೆ. ಅವನ ಇಪ್ಪತ್ತೆರಡನೇ ವಯಸ್ಸಿನ ಕಾಲುಗಳ ಜೊತೆ ಆ ಕೈಗಳನ್ನು ನೋಡಿದವರಿಗೆ ಆ ಸಂಖ್ಯೆ ನೋಡಿ ಅಳು ಬರಬೇಕು.

ಡಿವಾಟ್ಸ್‌ಗೆ ಒಳ್ಳೆ ಜಾಗ ಸಿಕ್ಕಿತು. 1998-99ರಲ್ಲಿ ಅವನೂ ಕ್ರಿಸ್ ವೆಬ್ಬರ್ ಕೂಡ ಸ್ಯಾಕ್ರಮೆಂಟೊಗೆ ಬಂದರು. ರಿಕ್ ಅಡೆಲ್ಮನ್ ಕೋಚ್, ಪಕ್ಕದಲ್ಲಿ ಪ್ರಿನ್ಸ್‌ಟನ್ ಯೂನಿವರ್ಸಿಟಿ ತಂಡದ ಹಿರಿಯ ಕೋಚ್ ಪೀಟ್ ಕ್ಯಾರಿಲ್. ಅವರು ಮಾಡಿದ್ದು ಇಷ್ಟೇ. ಇಬ್ಬರು ಎತ್ತರದವರನ್ನೂ ಬೋರ್ಡ್ ಕೆಳಗಿಂದ ಎಬ್ಬಿಸಿ ಫ್ರೀ ಥ್ರೋ ಗೆರೆಯ ಮಟ್ಟಕ್ಕೆ ತಂದು ನಿಲ್ಲಿಸಿದರು. ಬೋರ್ಡ್ ಕೆಳಗೆ ಜಾಗ ಖಾಲಿ. ಕಾಯುವವನು ಸ್ವಲ್ಪ ಮುಂದೆ ಬಂದರೆ ಅವನ ಬೆನ್ನ ಹಿಂದಿನಿಂದ ಬೋರ್ಡ್ ಕಡೆಗೆ ಓಟ, ಅದೇ ಬ್ಯಾಕ್‌ಡೋರ್ ಕಟ್. ಇಷ್ಟು ಚಂದದ ಆಟ ಆಡಿದ ತಂಡ 2002ರಲ್ಲಿ ಲೇಕರ್ಸ್ ಎದುರು ಏಳನೇ ಪಂದ್ಯ, ಅದೂ ಸ್ವಂತ ಊರಲ್ಲಿ, ಓವರ್‌ಟೈಮ್‌ನಲ್ಲಿ ಸೋತಿತು. ನನಗೆ ಆ ಸೋಲು ಇನ್ನೂ ಇಳಿದಿಲ್ಲ.

ಈಗ ನಿಕೋಲಾ ಯೋಕಿಚ್. ಸೆರ್ಬಿಯಾದ ಸೊಂಬೋರ್ ಊರವನು. 2014ರ ಡ್ರಾಫ್ಟ್‌ನಲ್ಲಿ 41ನೆಯವನು. ಡೆನ್ವರ್ ಮೊದಲು ಅವನನ್ನು ಇನ್ನೊಬ್ಬ ಸೆಂಟರ್ ಪಕ್ಕದಲ್ಲಿ ಆಡಿಸಿ ನೋಡಿತು. 2016ರ ಡಿಸೆಂಬರ್‌ನಲ್ಲಿ ಸೆಂಟರ್ ಜಾಗವನ್ನು ಪೂರ್ತಿ ಅವನಿಗೇ ಬಿಟ್ಟುಕೊಟ್ಟಿತು. ಅಲ್ಲಿಂದ ಎಲ್ಲಾ ಬದಲಾಯಿತು. 2021, 2022, 2024ರಲ್ಲಿ ಎಂವಿಪಿ, 2023ರಲ್ಲಿ ಚಾಂಪಿಯನ್. 2024-25ರಲ್ಲಿ ಪಂದ್ಯಕ್ಕೆ 29.6 ಪಾಯಿಂಟ್, 12.7 ರಿಬೌಂಡ್, 10.2 ಅಸಿಸ್ಟ್. ಇಡೀ ಸೀಸನ್ ಟ್ರಿಪಲ್ ಡಬಲ್ ಸರಾಸರಿ (ಈ ಮೂರರಲ್ಲೂ ಎರಡಂಕಿ) ಇಟ್ಟ ಮೊದಲ ಸೆಂಟರ್.

ಫೀನಿಕ್ಸ್ ಮೇಲೆ 31 ಪಾಯಿಂಟ್, 21 ರಿಬೌಂಡ್, 22 ಅಸಿಸ್ಟ್ ಮಾಡಿದನಲ್ಲ, 2025ರ ಮಾರ್ಚ್ 7, ನಮಗೆ ಅದು ಶನಿವಾರ ಬೆಳಿಗ್ಗೆ. ರೋಬಸ್ಟಾಗೆ ಸ್ಪ್ರಿಂಕ್ಲರ್ ಹಾಕುವ ಸಮಯ. ಅಣ್ಣನೂ ನಾನೂ ತೋಟದ ಪಂಪ್‌ಸೆಟ್ ಹತ್ತಿರ ಮೊಬೈಲ್ ಇಟ್ಟುಕೊಂಡು ನೋಡುತ್ತಿದ್ದೆವು. ಅಣ್ಣ ಹಾಕಿಯವನು. ನಮ್ಮ ಜಿಲ್ಲೆಯಲ್ಲಿ ಅದೇನು ವಿಶೇಷ ಅಲ್ಲ ಬಿಡಿ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿಗೆ ಈಗ ನೂರಾರು ತಂಡಗಳು ಬರುತ್ತವೆ, ಇಲ್ಲಿ ಬ್ಯಾಸ್ಕೆಟ್‌ಬಾಲ್ ನೋಡುವವರೇ ಕಮ್ಮಿ. ಅಣ್ಣ ಫುಲ್ ಬ್ಯಾಕ್ ಆಡುತ್ತಿದ್ದ. ಸ್ವಲ್ಪ ಹೊತ್ತು ಯೋಕಿಚ್‌ನನ್ನು ನೋಡಿ, "ಇವ್ನು ಫುಲ್ ಬ್ಯಾಕ್ ಕಣೇ. ಇಡೀ ಗ್ರೌಂಡು ಮುಂದೆ ಇಟ್ಕೊಂಡು ಆಡ್ತಾನೆ" ಅಂದ. ಇದಕ್ಕಿಂತ ಚೆನ್ನಾಗಿ ನಾನು ಯಾರಿಂದಲೂ ಕೇಳಿಲ್ಲ. ಹಿಂದಿನ ಸೆಂಟರ್‌ಗಳು ಬೋರ್ಡಿಗೆ ಹತ್ತಿರ, ಬೆನ್ನು ತಿರುಗಿಸಿ ನಿಂತವರು. ಇವನು ತ್ರೀ ಪಾಯಿಂಟ್ ಗೆರೆ ಹತ್ತಿರ ನಿಂತು ಮುಖ ಮಾಡಿ ನೋಡುತ್ತಾನೆ. ಒಂಬತ್ತು ಜನರೂ ಅವನ ಕಣ್ಣ ಮುಂದೆ.

ಅವನ ಒಂದು ಪಾಸ್ ಗಮನಿಸಿ. ಜಮಾಲ್ ಮರ್ರೆ ಬಾಲ್ ಕೊಟ್ಟು ಅವನ ಪಕ್ಕದಿಂದ ಓಡುತ್ತಾನೆ. ಇಬ್ಬರು ಡಿಫೆಂಡರ್‌ಗಳೂ ಮರ್ರೆ ಕಡೆ ವಾಲುತ್ತಾರೆ. ಯೋಕಿಚ್ ಬಾಲನ್ನು ಹಿಡಿಯುವುದೇ ಇಲ್ಲ ಅನ್ನಬೇಕು. ಒಂದೇ ಅಂಗೈಯಲ್ಲಿ ತಟ್ಟಿ ಬೋರ್ಡ್ ಕಡೆ ಕಳಿಸುತ್ತಾನೆ, ಅಲ್ಲಿ ಆಗಿನ್ನೂ ಯಾರೂ ಇಲ್ಲ. ಬಾಲ್ ಬರುವಷ್ಟರಲ್ಲಿ ಆರನ್ ಗಾರ್ಡನ್ ಬೇಸ್‌ಲೈನಿನಿಂದ ಹಾರಿರುತ್ತಾನೆ. ಚಿಕ್ಕವನಿದ್ದಾಗ ಯೋಕಿಚ್ ವಾಟರ್ ಪೋಲೊ ಆಡಿದ್ದ. ನೀರಲ್ಲಿ ನಿಂತು ಒಂದೇ ಕೈಯಲ್ಲಿ ಬಾಲ್ ಎತ್ತಿ ಹಿಡಿದು ಎಸೆಯುವ ಆಟ ಅದು. ಆ ಕೈ ಅಲ್ಲಿಂದ ಬಂದದ್ದು ಅಂತ ನಾನು ನಂಬುತ್ತೇನೆ.

ಹಾಗಂತ ಇವತ್ತಿನ 10 ಅಸಿಸ್ಟನ್ನೂ 1967ರ 8 ಅಸಿಸ್ಟನ್ನೂ ಪಕ್ಕಪಕ್ಕ ಇಟ್ಟು ತೂಗಬಾರದು. ಆಗ ತ್ರೀ ಪಾಯಿಂಟ್ ಗೆರೆಯೇ ಇರಲಿಲ್ಲ, ಎನ್‌ಬಿಎಗೆ ಅದು ಬಂದದ್ದು 1979-80ರಲ್ಲಿ. ಈಗ ನಾಲ್ಕು ಜನ ದೂರ ದೂರ ಹರಡಿ ನಿಲ್ಲುವುದರಿಂದ ನಡುವೆ ಜಾಗ ಇದೆ. ಚೇಂಬರ್ಲೇನ್ ಪಾಸ್ ಕೊಡುತ್ತಿದ್ದದ್ದು ಎಂಟು ಹತ್ತು ಕೈಗಳ ನಡುವಿನಿಂದ. ಆ ಇಕ್ಕಟ್ಟಿನಲ್ಲಿ ಯೋಕಿಚ್ ಏನು ಮಾಡುತ್ತಿದ್ದ? ಕಮ್ಮಿ ಅಸಿಸ್ಟ್ ಬರುತ್ತಿತ್ತು, ಆದರೂ ದಾರಿ ಹುಡುಕುತ್ತಿದ್ದ ಅಂತ ನನ್ನ ನಂಬಿಕೆ. ವಾಲ್ಟನ್‌ನನ್ನು ಇವತ್ತಿನ ಕೋರ್ಟಿಗೆ ತಂದರೆ ಅವನ 3.8 ಎರಡರಷ್ಟಾದರೂ ಆಗುತ್ತಿತ್ತು. ಅರ್ವಿಡಾಸ್ ಮಗ ಡೊಮಾಂಟಾಸ್ ಸಬೋನಿಸ್‌ನನ್ನೇ ನೋಡಿ. ಡಿವಾಟ್ಸ್ ಆಡಿದ ಅದೇ ಸ್ಯಾಕ್ರಮೆಂಟೊದಲ್ಲಿ 2023-24ರಲ್ಲಿ ಪಂದ್ಯಕ್ಕೆ 8.2 ಅಸಿಸ್ಟ್ ಕೊಟ್ಟ. ಅಪ್ಪನ 2.1ರ ಪಕ್ಕ ಇಟ್ಟರೆ ಮಗನೇ ದೊಡ್ಡ ಪಾಸರ್ ಅನ್ನಬೇಕಾಗುತ್ತದೆ. ಇಬ್ಬರ ಆಟವನ್ನೂ ನೋಡಿದವರು ಯಾರೂ ಹಾಗೆ ಹೇಳಲ್ಲ.

ಹಾಗಾಗಿ ನನ್ನ ತೀರ್ಮಾನ: ಯೋಕಿಚ್ ಎಲ್ಲರಿಗಿಂತ ಮೇಲೆ, ಯಾಕೆಂದರೆ ಬಾಲ್ ಎಲ್ಲಿ ಸಿಕ್ಕಿದರೂ ಅವನ ಹತ್ತಿರ ಪಾಸ್ ಇದೆ. ಅವನ ಬೆನ್ನಿಗೇ ವಾಲ್ಟನ್. ರಿಬೌಂಡಿನಿಂದ ಹೊರಡುವ ಪಾಸ್ ಒಂದನ್ನೇ ತೆಗೆದುಕೊಂಡರೆ ಅನ್‌ಸೆಲ್ಡ್‌ಗೆ ಯೋಕಿಚ್ ಕೂಡ ಸಮ ಅಲ್ಲ. ಚೇಂಬರ್ಲೇನ್‌ನನ್ನು ನಾನು ನಾಲ್ಕನೇ ಜಾಗದಲ್ಲಿ ಇಡುತ್ತೇನೆ, 1967ರ ಸಲುವಾಗಿ. ಸಬೋನಿಸ್‌ನನ್ನು ಎಲ್ಲಿಡಬೇಕು ಅನ್ನುವ ವಾದ ಬೇಕಾದಷ್ಟು ಹೊತ್ತು ಮಾಡೋಣ, ನಾನು ರೆಡಿ.

ಒಂದೇ ಒಂದು ಪಂದ್ಯ ನೋಡಲು ಸಮಯ ಇರುವುದು ಅನ್ನುವವರಿಗೆ 1977ರ ಫೈನಲ್ಸ್‌ನ ಆರನೇ ಪಂದ್ಯ. ಪೋರ್ಟ್‌ಲ್ಯಾಂಡ್ 109, ಫಿಲಡೆಲ್ಫಿಯಾ 107. ವಾಲ್ಟನ್ 20 ಪಾಯಿಂಟ್, 23 ರಿಬೌಂಡ್, 7 ಅಸಿಸ್ಟ್, 8 ಬ್ಲಾಕ್. ಮೊದಲ ಸಲ ನೋಡುವಾಗ ವಾಲ್ಟನ್‌ನನ್ನು ನೋಡಿ. ಎರಡನೇ ಸಲ ಅವನನ್ನು ಬಿಟ್ಟು ಅದೇ ತಂಡದ ಬಾಬ್ ಗ್ರಾಸ್ ಮೇಲೆ ಕಣ್ಣಿಡಿ. ಅವನನ್ನು ಕಾಯುವ ಫಿಲಡೆಲ್ಫಿಯಾದ ಜೂಲಿಯಸ್ ಅರ್ವಿಂಗ್ ತಲೆ ಒಂದು ಚೂರು ತಿರುಗಿದರೂ ಸಾಕು, ಗ್ರಾಸ್ ಅವನ ಬೆನ್ನ ಹಿಂದಿನಿಂದ ಓಡಿರುತ್ತಾನೆ.